ಪ್ಲಾಸ್ಟಿಕ್ ಮಾದರಿಗಳ ಧೂಳು ತೆಗೆಯುವ ಬಗೆ



ವಿಮಾನ, ಹಡಗು, ಕಾರುಗಳ ಪುಟ್ಟ ಮಾದರಿಗಳನ್ನು ಜೋಡಿಸಿ ಸಂಗ್ರಹಿಸುವ ಹವ್ಯಾಸ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1952ರಲ್ಲಿ ‘ಗೋಲ್ಡನ್ ಹೈಂಡ್’ ಹಡಗಿನ ಬಿಡಿಭಾಗಗಳ ಪೊಟ್ಟಣವನ್ನು ಮಾರಾಟಕ್ಕೆ ತಂದಿತು. ಇಂಥ ಮಾದರಿಗಳು ಹೆಚ್ಚಾಗಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ವಾರಗಟ್ಟಲೆ ಕುಳಿತು ಜೋಡಿಸಿದ ಮಾದರಿ ಒಂದು ನಿಮಿಷದ ಅವಸರದ ಒರೆಸಾಟದಲ್ಲಿ ಹಾಳಾಗಬಲ್ಲದು. ಅದು ಹೇಗೆಂದು ನೋಡೋಣ.

ಪ್ಲಾಸ್ಟಿಕ್ ವಿದ್ಯುತ್ತಿನ ಅವಾಹಕ. ಒಣ ಬಟ್ಟೆಯಿಂದ ಉಜ್ಜಿದರೆ ಅದರ ಮೇಲೆ ಸ್ಥಾಯೀ ವಿದ್ಯುತ್ತು ಉಳಿಯುತ್ತದೆ. ತಲೆಗೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವಂತೆ ಮಾದರಿಯೂ ಧೂಳನ್ನು ಸೆಳೆಯುತ್ತದೆ. ಅಂದರೆ, ಉಜ್ಜಿದಷ್ಟೂ ಧೂಳು ಹೆಚ್ಚು! ಧೂಳಿನಲ್ಲಿರುವ ಮರಳಿನ ಕಣಗಳು ಪ್ಲಾಸ್ಟಿಕ್ಕಿಗಿಂತ ಗಟ್ಟಿಯಾದ್ದರಿಂದ ಒತ್ತಿ ಒರೆಸಿದರೆ ಗೀರು ಬೀಳುತ್ತದೆ. ಆದ್ದರಿಂದ ಚಿತ್ರ ಬರೆಯುವ ಮೃದುವಾದ ಕುಂಚದಿಂದ, ಮೇಲಿನಿಂದ ಕೆಳಕ್ಕೆ, ಹಗುರವಾಗಿ ಧೂಳು ಸರಿಸಿ. ಬಾಯಿಯಿಂದ ಊದಬೇಡಿ, ಎಂಜಲಿನ ಹನಿ ಬಿದ್ದರೆ ಧೂಳು ಅಂಟಿಕೊಳ್ಳುತ್ತದೆ.

ಅಡುಗೆಮನೆಯ ಜಿಡ್ಡು ಸೇರಿದ ಧೂಳು ಕುಂಚಕ್ಕೆ ಬಗ್ಗುವುದಿಲ್ಲ. ಆಗ ತಣ್ಣೀರಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರಾವಣದ ಒಂದೆರಡು ಹನಿ ಬೆರೆಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಅದ್ದಿ ಹಿಂಡಿ ಒರೆಸಿ. ಬಿಸಿನೀರು ಬೇಡ, ತೆಳುವಾದ ಭಾಗಗಳು ಬಾಗಬಹುದು. ನೀರಿನಲ್ಲಿ ನೆನೆಸಿ ಅಂಟಿಸಿದ ಚಿಹ್ನೆಗಳ ಬಳಿ ತೇವ ತಾಗಿಸಬೇಡಿ, ಅವು ಏಳಬಹುದು. ಬಳಿಕ ನೆರಳಿನಲ್ಲಿ ಒಣಗಿಸಿ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಪ್ಲಾಸ್ಟಿಕ್ ಹಳದಿಯಾಗಿ ಪೆಡಸಾಗುತ್ತದೆ.

ಇನ್ನು ಮುಖ್ಯವಾದ ಎಚ್ಚರಿಕೆ. ಭಾಗಗಳನ್ನು ಜೋಡಿಸುವ ಅಂಟು ಪಾಲಿಸ್ಟೈರೀನಿನ ಮೇಲ್ಮೈಯನ್ನು ಕರಗಿಸುತ್ತದೆ. ದ್ರಾವಕ ಆರಿದಾಗ ಎರಡು ತುಂಡುಗಳು ಒಂದಾಗುತ್ತವೆ. ಥಿನ್ನರ್ ಮತ್ತು ಅಸಿಟೋನ್ ಇರುವ ಉಗುರುಬಣ್ಣದ ರಿಮೂವರ್ ಮಾಡುವುದೂ ಇದನ್ನೇ. ಜೋಡಣೆಗೆ ನೆರವಾದ ಗುಣವೇ ಶುಚಿಗೊಳಿಸುವಾಗ ಶತ್ರು! ಕರಗಿದ ರೆಕ್ಕೆ ಮತ್ತೆ ಮೊದಲಿನಂತಾಗದು.

ಹಳೆಯ ಕಾಲದ ಕೆಲವು ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಹಿರಿಯರಿಂದ ಬಂದ ಮಾದರಿಗಳನ್ನು ಮುಟ್ಟಿದ ಮೇಲೆ ಕೈ ತೊಳೆಯಿರಿ. ಗಾಜಿನ ಬಾಗಿಲಿನ ಕಪಾಟಿನಲ್ಲಿಟ್ಟರೆ ಅರ್ಧ ಕೆಲಸವೇ ಉಳಿಯುತ್ತದೆ.

ಕೊನೆಯದಾಗಿ ಒಂದು ಸಲಹೆ. ಭಾಗಗಳನ್ನು ಬಿಡಿಸಿಕೊಂಡ ಮೇಲೆ ಉಳಿಯುವ ಚೌಕಟ್ಟನ್ನು ಎಸೆಯಬೇಡಿ. ಅದೂ ಅದೇ ಪ್ಲಾಸ್ಟಿಕ್. ಅದರ ಒಂದು ತುಂಡಿಗೆ ನಿಮ್ಮದೇ ಬಣ್ಣ ಹಚ್ಚಿಟ್ಟುಕೊಂಡು, ಯಾವ ದ್ರಾವಣವನ್ನೇ ಆಗಲಿ ಮೊದಲು ಅದರ ಮೇಲೆ ಪರೀಕ್ಷಿಸಿ ನೋಡಿ. ಮಾದರಿಯ ಸರದಿ ಆಮೇಲೆ ಬರಲಿ.