ಮುಂಗೈಯ ಗಡಿಯಾರ
(ಪಕ್ಷದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಸಿನಿಮಾದ ವಿಷಯ ಮಾತನಾಡುತ್ತೇನೆಂದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ನಗುವುದಕ್ಕೆ ಅಡ್ಡಿಯಿಲ್ಲ. 2011ರಲ್ಲಿ ಹಾಲಿವುಡ್ಡಿನಿಂದ ಬಂದ ‘ಇನ್ ಟೈಮ್’ ಎಂಬ ಚಿತ್ರವನ್ನು ನಾನು ಎರಡು ಸಲ ನೋಡಿದ್ದೇನೆ. ಒಳ್ಳೆಯ ಕತೆಯನ್ನು ಕೈಯಾರೆ ಕೆಡಿಸಿಕೊಂಡ ಚಿತ್ರ ಅದು. ಆದರೂ ನೋಡಿ ಸಂತೋಷಪಟ್ಟೆ. ಈ ಎರಡು ಮಾತೂ ಹೇಗೆ ನಿಜವೆಂಬುದನ್ನು ಹೇಳಬೇಕಾಗಿದೆ.

ಕತೆ ಬರೆದು ನಿರ್ದೇಶಿಸಿದವರು ಆಂಡ್ರೂ ನಿಕೋಲ್. ಮುಂದೆಂದೋ ಬರುವ ಒಂದು ಕಾಲ. ಅಲ್ಲಿ 25ರ ಮೇಲೆ ಯಾರಿಗೂ ಮುಪ್ಪಿಲ್ಲ. ಆದರೆ 25 ತುಂಬಿದ ದಿನ ಪ್ರತಿಯೊಬ್ಬರ ಮುಂಗೈಯ ಮೇಲೆ ಗಡಿಯಾರವೊಂದು ಓಡತೊಡಗುತ್ತದೆ. ಅದರಲ್ಲಿರುವುದು ಒಂದೇ ವರ್ಷ. ಅಲ್ಲಿಂದ ಮುಂದೆ ಕೂಲಿಯೂ ಕಾಲದಲ್ಲೇ, ಬಾಡಿಗೆಯೂ ಸಾಲವೂ ಬಡ್ಡಿಯೂ ಕಾಲದಲ್ಲೇ. ಲೆಕ್ಕ ಸೊನ್ನೆಗೆ ಬಂದರೆ ಮನುಷ್ಯ ನಿಂತಲ್ಲೇ ಸಾಯುತ್ತಾನೆ. ಡೇಟನ್ ಎಂಬ ಬಡವರ ಕೇರಿಯಲ್ಲಿ ನಿನ್ನೆ ಮೂರು ನಿಮಿಷವಿದ್ದ ಕಾಫಿ ಇಂದು ನಾಲ್ಕು ನಿಮಿಷ. ನ್ಯೂ ಗ್ರೀನಿಚ್ ಎಂಬ ಶ್ರೀಮಂತರ ವಲಯದಲ್ಲಿ ಶತಮಾನಗಳನ್ನೇ ಕೂಡಿಟ್ಟವರಿದ್ದಾರೆ. ಅಲ್ಲಿಗೆ ಹೋದ ಬಡವನನ್ನು ಅವನ ಅವಸರದಿಂದಲೇ ಗುರುತು ಹಿಡಿಯುತ್ತಾರೆ. ನಿಧಾನವಾಗಿ ಉಣ್ಣುವುದೂ ನಡೆಯುವುದೂ ಉಳ್ಳವರ ಭಾಗ್ಯ.

ನಾಯಕ ವಿಲ್ ಸಾಲಸ್‌ನ ತಾಯಿ ಸಾಲ ತೀರಿಸಿ ಬಸ್ಸಿಗೆ ಬರುತ್ತಾಳೆ. ಒಂದು ಗಂಟೆಯಿದ್ದ ದರ ಅಂದು ಎರಡು ಗಂಟೆಯಾಗಿದೆ, ಅವಳಲ್ಲಿರುವುದು ಒಂದೂವರೆ. ಓಡುತ್ತಾಳೆ. ಮಗನ ತೋಳು ಸೇರುವ ಹೊತ್ತಿಗೆ ಗಡಿಯಾರ ಮುಗಿದಿರುತ್ತದೆ. ಬೆಲೆಯೇರಿಕೆ ಕೊಲ್ಲುತ್ತದೆಂದು ನಾವು ವೇದಿಕೆಯ ಮೇಲೆ ಗಂಟೆಗಟ್ಟಲೆ ಹೇಳುವುದನ್ನು ಈ ಚಿತ್ರ ಕೆಲವೇ ನಿಮಿಷಗಳಲ್ಲಿ ಕಾಣಿಸಿತು.

ಇಷ್ಟು ಕಂಡ ಚಿತ್ರ ಆಮೇಲೆ ದಾರಿ ತಪ್ಪುತ್ತದೆ. ಕಾರ್ಖಾನೆ ಮರೆಯಾಗುತ್ತದೆ. ಕಾಲದ ಲೇವಾದೇವಿಗಾರ ಫಿಲಿಪ್ ವೈಸ್‌ನ ಮಗಳು ಸಿಲ್ವಿಯಾಳನ್ನು ವಿಲ್ ಹಿಡಿದೊಯ್ಯುತ್ತಾನೆ, ಮುಂದೆ ಇಬ್ಬರೂ ಕೂಡಿ ಬ್ಯಾಂಕು ದೋಚುತ್ತಾರೆ, ಕಾರು ಉರುಳುತ್ತದೆ, ಪೋಲೀಸರು ಬೆನ್ನಟ್ಟುತ್ತಾರೆ. ದೋಚಿದ್ದನ್ನು ಬಡವರಿಗೆ ಹಂಚಿದರೆ ಧಣಿಗಳು ಬೆಲೆ ಏರಿಸಿ ಹಿಂದಕ್ಕೆ ಸೆಳೆಯುತ್ತಾರೆ. ಚಿತ್ರವೇ ಇದನ್ನು ತೋರಿಸುತ್ತದೆ, ಅದರಿಂದ ಏನನ್ನೂ ಕಲಿಯುವುದಿಲ್ಲ. ಅದು ಕೊಡುವ ಉತ್ತರ ಇನ್ನೂ ದೊಡ್ಡ ದರೋಡೆ. ಹತ್ತು ಲಕ್ಷ ವರ್ಷ ತಂದು ಹಂಚಿದ ಮೇಲೆ ಜನ ಗಡಿ ದಾಟಿ ನಡೆಯುತ್ತಾರೆ, ನಿಜ. ಅಲ್ಲಿಯ ತನಕ ಅವರು ಕೈಯೊಡ್ಡಿ ನಿಂತವರೇ. ಒಂದು ಸಂಘವಿಲ್ಲ, ಒಂದು ಮುಷ್ಕರವಿಲ್ಲ. ದರ ಗೊತ್ತುಮಾಡುವ ಅಧಿಕಾರ ಯಾರ ಕೈಯಲ್ಲಿರಬೇಕೆಂಬ ಮಾತೇ ಏಳುವುದಿಲ್ಲ.

ಆ ಮಾತು ಎತ್ತಿದ ಜನ ಚರಿತ್ರೆಯಲ್ಲಿ ಇದ್ದಾರೆ. ಈ ಚಿತ್ರ ಬಂದ ನಾಡಿನಲ್ಲೇ, 1886ರ ಮೇ ತಿಂಗಳಲ್ಲಿ, ಷಿಕಾಗೋ ಕಾರ್ಮಿಕರು ದಿನಕ್ಕೆ ಎಂಟೇ ಗಂಟೆ ದುಡಿಮೆಯೆಂದು ಮುಷ್ಕರ ಹೂಡಿದರು. ಅವರು ಕಾಲವನ್ನು ಕದಿಯಲಿಲ್ಲ, ತಮ್ಮದೆಂದು ಕೇಳಿದರು. ನಮ್ಮಲ್ಲಿ 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರು ಧಣಿ ಗೇಣಿ ಅಳೆಯುವ ಕೊಳಗದ ಗಾತ್ರವನ್ನೇ ಪ್ರಶ್ನಿಸಿದರು. ಕೊಳಗ ಧಣಿಯ ಕೈಯಲ್ಲಿರುವ ತನಕ ಅವನ ಕಣಜ ಎಷ್ಟು ಸಲ ಬರಿದಾದರೂ ಮತ್ತೆ ತುಂಬುತ್ತದೆ. ನಿಕೋಲ್ ಅವರ ನಾಯಕನಿಗೆ ಕಣಜ ಕಂಡಿತು, ಕೊಳಗ ಕಾಣಲಿಲ್ಲ.

ಹಾಗಾದರೆ ಸಂತೋಷಪಟ್ಟದ್ದೇಕೆ? ಪ್ರಶ್ನೆಯನ್ನು ಎಳೆಯ ಮಗುವಿಗೂ ತಿಳಿಯುವಂತೆ ಮುಂದಿಟ್ಟಿದ್ದಕ್ಕೆ. ಉತ್ತರವನ್ನೂ ಹಾಲಿವುಡ್ಡೇ ಕೊಡಲೆಂದು ಕಾದು ಕೂರುವುದು ನಮ್ಮ ಸೋಮಾರಿತನ. ಇದು ಬಂಡವಾಳಗಾರರ ಮನರಂಜನೆ, ನಮಗೇಕೆ ಎನ್ನುವವರಿಗೆ ನನ್ನದೊಂದು ವಿನಂತಿ. ನಮ್ಮ ಹುಡುಗರು ಇಂಥ ಚಿತ್ರಗಳನ್ನು ನೋಡಿಯೇ ನೋಡುತ್ತಾರೆ. ನೀವೂ ಜೊತೆಯಲ್ಲಿ ಕುಳಿತು ನೋಡಿ. ಆ ತಾಯಿ ಓಡುವಾಗ ಅವರ ಕಣ್ಣು ಒದ್ದೆಯಾದರೆ, ಚಿತ್ರ ಮುಗಿದ ಮೇಲೆ ಒಂದೇ ಮಾತು ಕೇಳಿ: ಆ ದಿನ ಬಸ್ಸಿನ ದರ ಏರಿಸಿದವರು ಯಾರು? ಮುಂದಿನ ಕತೆಯನ್ನು ಅಲ್ಲಿಂದ ನಾವು ಹೇಳೋಣ.