ಇಟಲಿಯಲ್ಲಿ ರೈಲುಪ್ರಯಾಣ



ಹಣ ತೆತ್ತು ಟಿಕೇಟು ಕೊಂಡ ಪ್ರಯಾಣಿಕನೂ ಇಟಲಿಯಲ್ಲಿ ದಂಡ ಕೊಡಬೇಕಾದೀತು ಎಂದರೆ ತಮಗೆ ಸೋಜಿಗವೆನಿಸಬಹುದು. ಕಾರಣವನ್ನರಿತರೆ ಈ ತೊಡಕು ತಪ್ಪುತ್ತದೆ.

ಮಿಲಾನಿನಿಂದ ರೋಮಿಗೆ ಧಾವಿಸುವ ಅತಿವೇಗದ ಗಾಡಿಗಳಲ್ಲಿ ದಿನ, ವೇಳೆ, ಆಸನ ಎಲ್ಲವೂ ಟಿಕೇಟಿನಲ್ಲಿಯೇ ಗೊತ್ತಾಗಿರುತ್ತವೆ. ಸಣ್ಣ ಊರುಗಳಲ್ಲಿಯೂ ನಿಲ್ಲುವ ಪ್ರಾದೇಶಿಕ ಗಾಡಿಯ ಕಾಗದದ ಟಿಕೇಟಾದರೋ ಇಂಥದೇ ಗಾಡಿಗೆಂದು ಕಟ್ಟುಬಿದ್ದುದಲ್ಲ. ಮುದ್ರೆ ಬೀಳದಿದ್ದರೆ ಅದನ್ನೇ ಮತ್ತೊಮ್ಮೆ ಉಪಯೋಗಿಸಬಹುದಷ್ಟೆ! ಆದುದರಿಂದ ಗಾಡಿಯನ್ನೇರುವ ಮುನ್ನ ನಿಲ್ದಾಣದ ಚಿಕ್ಕ ಯಂತ್ರದೊಳಕ್ಕೆ ಅದನ್ನು ತೂರಿಸಿ, ದಿನ ವೇಳೆಗಳ ಮುದ್ರೆ ಒತ್ತಿಸಬೇಕು. ಯಂತ್ರ ಕೆಟ್ಟಿದ್ದರೆ, ಏರಿದೊಡನೆ ತಾವಾಗಿಯೇ ತನಿಖೆದಾರನನ್ನು ಕಂಡು ತಿಳಿಸುವುದು ಲೇಸು. ಫೋನಿನಲ್ಲಿ ಕೊಂಡ ಪ್ರಾದೇಶಿಕ ಟಿಕೇಟಿಗೂ 'ಚೆಕ್-ಇನ್' ಎಂಬ ಇಂಥದೇ ವಿಧಿಯುಂಟು.

ನಿಲ್ದಾಣದ ಗೋಡೆಯ ಹಳದಿ ವೇಳಾಪಟ್ಟಿ ಹೊರಡುವ ಗಾಡಿಗಳದು. ಬಿಳಿಯದು ಬರುವ ಗಾಡಿಗಳದು. 'ಬಿನಾರಿಯೊ' ಎಂದರೆ ಗಾಡಿ ನಿಲ್ಲುವ ಹಳಿ. ವೆನಿಸ್ಸಿಗೆ ಅಲ್ಲಿಯ ಹೆಸರು 'ವೆನೇತ್ಸಿಯಾ'. ಆ ಹೆಸರನ್ನು ಕಂಡೊಡನೆ ಮೆಸ್ತ್ರೆಯಲ್ಲಿ ಇಳಿದುಬಿಡಬಾರದು. ಕಾಲುವೆಗಳ ನಗರವನ್ನು ಸೇರಲು ಸಾಂತಾ ಲುಚೀಯಾ ನಿಲ್ದಾಣದವರೆಗೂ ಹೋಗಬೇಕು.

'ಶೋಪೆರೊ' ಎಂದರೆ ಮುಷ್ಕರ. ಆಗಲೂ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಗಂಟೆಯವರೆಗೆ ಗೊತ್ತುಮಾಡಿದ ಪ್ರಾದೇಶಿಕ ಗಾಡಿಗಳು ಓಡುತ್ತವೆ.

ಇಷ್ಟನ್ನು ನೆನಪಿನಲ್ಲಿಟ್ಟುಕೊಂಡವರು ಟಸ್ಕನಿಯ ದ್ರಾಕ್ಷಿತೋಟಗಳನ್ನು ಕಿಟಕಿಯಿಂದ ನೋಡುತ್ತ ನಿಶ್ಚಿಂತೆಯಾಗಿ ಸಾಗಬಹುದು.