ಮಣ್ಣು ತಿನ್ನುವ ಬಯಕೆ
(ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಲ, ಷೇರು, ಗೊಬ್ಬರದ ಮಾತು ಬಿಟ್ಟು ಇವರು ಮಣ್ಣಿನ ಮಾತು ತೆಗೆದರಲ್ಲಾ ಅಂತ ನಗಬೇಡಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿ ತಿರುಗಿದ ನಮಗೆ ಇದು ಹೊಸದಲ್ಲ. ಮೊದಲ ಮಳೆಗೆ ಗೋಡೆ ನೆನೆದು ಘಮ್ ಅಂದರೆ ಬಾಯಲ್ಲಿ ನೀರೂರುವವರು ಈ ಸಭೆಯಲ್ಲೇ ಇದ್ದೀರಿ. ಕೆಲವರಿಗೆ ಒಲೆ ಮಣ್ಣು, ಕೆಲವರಿಗೆ ಬಳಪ, ಕೆಲವರಿಗೆ ಹಸಿ ಅಕ್ಕಿ, ಇದ್ದಿಲು.

ತಿನ್ನುವುದರಲ್ಲೂ ಕಾಯಿಲೆ ಇದೆ ಅಂದರೆ, ಪೇಟೆ ಹುಡುಗಿಯರು ತೆಳ್ಳಗಾಗಲು ಊಟ ಬಿಡುವುದು, ಸಿಕ್ಕಾಪಟ್ಟೆ ತಿಂದು ವಾಂತಿ ಮಾಡಿಕೊಳ್ಳುವುದು ನೆನಪಾಗುತ್ತದೆ. ಅವೂ ಖರೆ, ಜೀವಕ್ಕೇ ಸಂಚಕಾರ ತರುವಂಥವು. ಆದರೆ ವೈದ್ಯರ ಅದೇ ಪಟ್ಟಿಯಲ್ಲಿ ಮಣ್ಣು ತಿನ್ನುವುದೂ ಇದೆ. ಹೆಸರು ಪೈಕಾ. ಲ್ಯಾಟಿನ್ ಭಾಷೆಯಲ್ಲಿ ಅದು ಕಾಗೆ ಜಾತಿಯ ಒಂದು ಹಕ್ಕಿಯ ಹೆಸರು, ಕಂಡದ್ದೆಲ್ಲ ಕುಕ್ಕುವುದಂತೆ. ಎರಡು ವರ್ಷದೊಳಗಿನ ಕೂಸು ಎಲ್ಲವನ್ನೂ ಬಾಯಿಗಿಡುವುದು ಕಾಯಿಲೆಯಲ್ಲ. ಅದಕ್ಕಿಂತ ದೊಡ್ಡವರು ಒಂದು ತಿಂಗಳು ಮೇಲ್ಪಟ್ಟು ಬಿಡದೆ ತಿಂದರೆ ತೋರಿಸಲೇಬೇಕು.

ನಮ್ಮ ಓಣಿಯ ಒಬ್ಬ ಸೊಸೆ ಏಳು ತಿಂಗಳ ಬಸುರಿ, ಸೆರಗಿನ ಗಂಟಿನಲ್ಲಿ ಕೆಮ್ಮಣ್ಣಿನ ಹೆಂಟೆ ಇಟ್ಟುಕೊಳ್ಳುತ್ತಿದ್ದಳು. ಅತ್ತೆ ಬೈದಳು, ಗಂಡ ಕೈ ಎತ್ತಿದ. ಬಸುರಿ ಬಯಕೆ ಬಿಡ್ರಿ ಅಂತ ನಕ್ಕವರಲ್ಲಿ ನಾವೂ ಒಬ್ಬರು. ಆಕೆ ತಿನ್ನುವುದನ್ನು ಬಿಡಲಿಲ್ಲ, ಕದ್ದು ತಿಂದಳು, ಅಷ್ಟೆ. ಕೊನೆಗೆ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುವಾಗ ರಕ್ತ ನೋಡಿಸಿದರೆ ಹಿಮೋಗ್ಲೋಬಿನ್ ಆರು. ಬಸುರಿಗೆ ಹನ್ನೊಂದಾದರೂ ಇರಬೇಕು. ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋಗಿದ್ದರೂ ಆಕೆ ಉಳಿಯುತ್ತಿದ್ದಳೋ ಇಲ್ಲವೋ. ದೊಡ್ಡಾಸ್ಪತ್ರೆಯಲ್ಲಿ ರಕ್ತ ಕೊಟ್ಟರು, ತಾಯಿ ಮಗು ಇಬ್ಬರೂ ಉಳಿದರು. ಕಬ್ಬಿಣಾಂಶದ ಗುಳಿಗೆ ಮುಂದುವರಿಸಿದ ಮೇಲೆ ಮಣ್ಣಿನ ಆಸೆ ತಾನಾಗಿ ಹೋಯಿತು. ಅದು ಚಟವಾಗಿದ್ದರೆ ಗುಳಿಗೆಗೆ ಹೋಗುತ್ತಿತ್ತೇ?

ಮನಸ್ಸಿನ ಬೇಗುದಿ, ಬುದ್ಧಿಯ ಬೆಳವಣಿಗೆ ಕುಂಠಿತವಾಗಿರುವುದು, ಬರೀ ಹಸಿವು, ಇವೂ ಕಾರಣ ಆಗಬಹುದು. ಆದರೆ ನಮ್ಮಲ್ಲಿ ಮೊದಲು ನೋಡಬೇಕಾದ್ದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತ ಕಡಿಮೆ. ಎಲ್ಲರ ಊಟ ಆದ ಮೇಲೆ ಬುಟ್ಟಿಯಲ್ಲಿ ಉಳಿದ ರೊಟ್ಟಿ, ತಳದ ಸಾರು ಉಣ್ಣುವವಳು ಯಾರು ಅಂತ ನಿಮಗೇ ಗೊತ್ತೈತಿ.

ಒಬ್ಬ ಹಿರಿಯರು ಕೇಳಿದರು: "ಸಂಡೂರು ಗುಡ್ಡವೆಲ್ಲ ಕಬ್ಬಿಣ, ನಮ್ಮ ಹೊಲವೂ ಕೆಂಪು. ಮಣ್ಣು ತಿಂದರ ಕಬ್ಬಿಣ ಸಿಗಂಗಿಲ್ಲೇನು?" ಪ್ರಶ್ನೆ ಚಲೋ ಐತಿ. ಆದರೆ ಆ ಕಬ್ಬಿಣ ಮೈಗೆ ಹತ್ತುವಂಥದ್ದಲ್ಲ. ಬದಲಿಗೆ ಕೆಲವು ಜಾತಿ ಜೇಡಿಮಣ್ಣು ಊಟದ ಕಬ್ಬಿಣವನ್ನೂ ಹಿಡಿದಿಟ್ಟುಕೊಂಡು ಹೊರಗೆ ಹಾಕುತ್ತದೆ. ರಕ್ತ ಕಡಿಮೆ ಅಂತ ಮಣ್ಣು, ಮಣ್ಣು ತಿಂದು ಮತ್ತಷ್ಟು ಕಡಿಮೆ. ಜೊತೆಗೆ ಮಲಬದ್ಧತೆ, ಹಲ್ಲು ಸವೆತ, ಜಂತುಹುಳದ ತತ್ತಿ. ಬಣ್ಣ ಬಳಿದ ಗೋಡೆಯ ಚಕ್ಕೆಯಾದರೆ ಸೀಸದ ವಿಷವೂ ಸೇರಬಹುದು, ಅದು ಮಕ್ಕಳ ಮಿದುಳಿಗೆ ಕುತ್ತು. ಬಾಲಕೃಷ್ಣನ ಬಾಯಲ್ಲಿ ಯಶೋದೆ ಬ್ರಹ್ಮಾಂಡ ಕಂಡಳು. ನಮ್ಮ ಮಕ್ಕಳ ಬಾಯಿ ತೆರೆಸಿದರೆ ಬಿಳಿಚಿದ ನಾಲಿಗೆ ಕಾಣುತ್ತದೆ.

ಗುಳಿಗೆ ಆಶಾ ಕಾರ್ಯಕರ್ತೆಯರ ಹತ್ತಿರ ಪುಕ್ಕಟೆ ಸಿಗುತ್ತದೆ. ಮಲ ಕಪ್ಪಾಯಿತು ಅಂತ ಹೆದರಿ ತಿಪ್ಪೆಗೆ ಎಸೆಯಬೇಡಿ, ಕಪ್ಪಾಗುವುದು ಸಹಜ. ಚಹಾದ ಜೊತೆ ನುಂಗಬೇಡಿ, ನಿಂಬೆ ಪಾನಕದ ಜೊತೆ ಆದೀತು. ಜಂತಿನ ಗುಳಿಗೆಯನ್ನು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ದಿನ ಮಕ್ಕಳನ್ನು ತಪ್ಪಿಸಬೇಡಿ. ನುಗ್ಗೆ ಸೊಪ್ಪು, ಹುರುಳಿ, ರಾಗಿ ಮನೆಯಲ್ಲೇ ಇವೆ, ಸೊಸೆಯ ತಟ್ಟೆಗೂ ಬೀಳಲಿ. ರಕ್ತ ಸರಿಯಿದ್ದೂ ಮಣ್ಣಿನ ಆಸೆ ನಿಲ್ಲದಿದ್ದರೆ ಮನೋವೈದ್ಯರ ಹತ್ತಿರ ಹೋಗುವುದಕ್ಕೆ ನಾಚಿಕೆ ಬೇಡ.

ಊಟದ ನಂತರ ಸಂಘದ ಗೋದಾಮಿನ ಮಗ್ಗುಲ ಕೋಣೆಯಲ್ಲಿ ನಾವು ಕುಂತಿರ್ತೀವಿ. ಎಲ್ಲರ ಮುಂದೆ ಕೇಳಲು ಸಂಕೋಚ ಆಗುವವರು ಅಲ್ಲಿಗೆ ಬರ್ರಿ. ಬಾಗಿಲು ಮುಂದು ಮಾಡಿಕೊಂಡೇ ಮಾತಾಡೋಣ.